ನನ್ನ ಹೊಟ್ಟೆಯಲ್ಲಿದ್ದ ಹದಿನಾಲ್ಕು ಹಾಳೆ

ನಾನು ಒಂದು ಹಾರ್ಮೋನಿಯಂ. ಹಾಗೆಂದ ಕೂಡಲೇ ನಿಮ್ಮ ಕಣ್ಣ ಮುಂದೆ ಭಜನೆಯವರ ಪುಟ್ಟ ಪೆಟ್ಟಿಗೆ ಬರುತ್ತದೆ, ಗೊತ್ತು. ಒಂದು ಕೈಯಲ್ಲಿ ಗಾಳಿ, ಇನ್ನೊಂದು ಕೈಯಲ್ಲಿ ರಾಗ. ಅದು ನಮ್ಮ ಮನೆತನದ ಕಿರಿಯ ಕೂಸು. ನಾನು ಎದೆಮಟ್ಟದ ಎತ್ತರ, ಓಕ್ ಮರದ ಮೈ, ಎರಡು ಕಾಲುಮಣೆ. ನನ್ನನ್ನು ನುಡಿಸುವವರು ಕುರ್ಚಿಯ ಮೇಲೆ ಕೂತು, ಎರಡೂ ಕಾಲಿಂದ ತುಳಿದು ಗಾಳಿ ತುಂಬಬೇಕು. ಹಾಗಾಗಿ ಮನುಷ್ಯರನ್ನು ನಾನು ಮೊದಲು ಅರಿಯುವುದು ಅವರ ಪಾದಗಳಿಂದ. ಮುಖದಲ್ಲಿ ಎಷ್ಟು ನಯ ತೋರಿಸಿದರೂ ಕಾಲು ಸುಳ್ಳು ಹೇಳುವುದಿಲ್ಲ.

ಸಾವಿರದ ಎಂಟುನೂರ ತೊಂಬತ್ತನಾಲ್ಕರಲ್ಲಿ ಪ್ಯಾರಿಸ್ಸಿನ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಕನ್ನಡಕ ಹಾಕಿದ ಒಬ್ಬ ಮುದುಕ ನನ್ನ ಹಿತ್ತಾಳೆಯ ನಾಲಿಗೆಗಳನ್ನು ಒಂದೊಂದಾಗಿ ಕೆರೆದು, ಊದಿ, ಕಿವಿಗೊಟ್ಟು ಕೇಳಿ, ಮತ್ತೆ ಕೆರೆದು ಕೂಡಿಸಿದ. ಒಟ್ಟು ಇನ್ನೂರ ನಲವತ್ತನಾಲ್ಕು ನಾಲಿಗೆ. ಇಷ್ಟು ನಾಲಿಗೆ ಇದ್ದೂ ಐವತ್ತು ವರ್ಷ ನಾನು ಹೇಳಬೇಕಾದ ಒಂದೇ ಒಂದು ಹೆಸರನ್ನು ಹೇಳಲಾಗಲಿಲ್ಲ. ಆ ಹೆಸರು ಅನಾತೋಲ್ ಜೊಬೆರ್. ಅದನ್ನು ನುಂಗಿ ನೀರು ಕುಡಿದವನ ಹೆಸರು ರೆಮಿ ಲಾಕೂರ್. ಎರಡನ್ನೂ ಈಗಲೇ ಹೇಳಿಬಿಟ್ಟಿದ್ದೇನೆ, ಮನಸ್ಸಿನಲ್ಲಿಟ್ಟುಕೊಳ್ಳಿ. ಇದು ಸೇಡಿನ ಕಥೆ, ಅದನ್ನೂ ಮುಚ್ಚಿಡುವುದಿಲ್ಲ.

ಜೊಬೆರ್ ನನ್ನ ಮೊದಲ ಒಡೆಯ. ನಾಲ್ಕನೆಯ ವಯಸ್ಸಿನಲ್ಲಿ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಪ್ಯಾರಿಸ್ಸಿನ ಕುರುಡರ ಶಾಲೆಯಲ್ಲಿ ಆರ್ಗನ್ ಕಲಿತು, ಹದಿನೆಂಟನೆಯ ವಯಸ್ಸಿಗೆ ತನ್ನ ಊರಿಗೆ ಮರಳಿದ. ಹೊಳೆಯ ದಂಡೆಯ ಸಣ್ಣ ಊರು ಅದು. ಅಲ್ಲಿನ ಚರ್ಚಿನಲ್ಲಿ ಒಂದು ಕೊಳವೆಯ ಆರ್ಗನ್ ಇತ್ತು; ಅದನ್ನು ನುಡಿಸುವ ಕೆಲಸ ಅವನದಾಯಿತು. ಮನೆಯಲ್ಲಿ ಅಭ್ಯಾಸ ಮಾಡಲೆಂದು ಊರವರು ಸೇರಿ ನನ್ನನ್ನು ತರಿಸಿಕೊಟ್ಟರು. ಅವನ ಅಕ್ಕ ಕ್ಲೆಮಾಂಸ್ ಕಿಟಕಿಯ ಪಕ್ಕದಲ್ಲಿ ನನಗೆ ಜಾಗ ಮಾಡಿದಳು.

ಅವನ ಕಾಲು ಎಷ್ಟು ಮೆತ್ತಗೆ ಅಂತೀರಿ! ನನ್ನಂಥ ವಾದ್ಯದಲ್ಲಿ ಒಂದು ಗುಂಡಿ ಎಳೆದರೆ ಗಾಳಿ ನೇರವಾಗಿ ಕಾಲಿನಿಂದ ನಾಲಿಗೆಗೆ ಹೋಗುತ್ತದೆ. ಆಗ ಕಾಲು ಒಂದಿಷ್ಟು ನಡುಗಿದರೂ ಸ್ವರ ನಡುಗುತ್ತದೆ. ಒರಟರು ಆ ಗುಂಡಿಯ ಗೋಜಿಗೇ ಹೋಗುವುದಿಲ್ಲ. ಜೊಬೆರ್ ಅದನ್ನು ಎಳೆದಿಟ್ಟೇ ಕೂರುತ್ತಿದ್ದ. ಅವನು ನುಡಿಸುವಾಗ ನಾನು ವಾದ್ಯ ಅನ್ನುವುದೇ ನನಗೆ ಮರೆತುಹೋಗುತ್ತಿತ್ತು. ಅವನ ಮೇಲೆ ನನಗೆ ಪ್ರಾಣ. ಇದನ್ನು ಹೇಳಲು ನಾಚಿಕೆಯಿಲ್ಲ.

ಅವನು ಸಂಗೀತವನ್ನು ಬರೆಯುತ್ತಿದ್ದುದು ಬ್ರೈಲ್ ಚುಕ್ಕೆಗಳಲ್ಲಿ. ದಪ್ಪ ಹಾಳೆಯನ್ನು ಲೋಹದ ಪಟ್ಟಿಗೆ ಸಿಕ್ಕಿಸಿ, ಸಣ್ಣ ಚುಚ್ಚುಕಡ್ಡಿಯಿಂದ ಟಕ್ ಟಕ್ ಎಂದು ಚುಚ್ಚಬೇಕು. ಹಿಂದಿನಿಂದ ಚುಚ್ಚಿದ್ದು ಮುಂದೆ ಉಬ್ಬಿ ಬರುತ್ತದೆ. ಸರಿಗಮದ ಗುರುತು, ತಾಳದ ಗುರುತು, ಎಲ್ಲವೂ ಆರೇ ಚುಕ್ಕೆಯಲ್ಲಿ. ಯಾವ ದೇಶದ ಕುರುಡನಾದರೂ ಅದನ್ನು ಬೆರಳಿಂದ ಓದಬಲ್ಲ. ಕಣ್ಣಿದ್ದವರಿಗೆ ಮಾತ್ರ ಅದು ಬರೀ ತೂತು.

ಸಾವಿರದ ಒಂಬೈನೂರ ಮೂರರ ಚಳಿಗಾಲದಲ್ಲಿ ಅವನು ಒಂದು ದೊಡ್ಡ ಕೃತಿ ಮುಗಿಸಿದ. 'ಹೊಳೆಯಾಚೆಯ ಗಂಟೆಗಳು' ಎಂದು ಅದರ ಹೆಸರು. ಆಚೆ ದಡದ ಹಳ್ಳಿಯ ಗಂಟೆ ನೀರಿನ ಮೇಲೆ ಹಾದು ಕಿಟಕಿಗೆ ಬರುವಷ್ಟರಲ್ಲಿ ಸ್ವಲ್ಪ ತಡವಾಗುತ್ತಿತ್ತು. ಈಚೆಯ ಗಂಟೆ ಮೊದಲು, ಆಚೆಯದು ಒಂದು ಉಸಿರಿನಷ್ಟು ಆಮೇಲೆ. ಆ ಉಸಿರನ್ನೇ ಹಿಡಿದು ಅವನು ಕೃತಿ ಕಟ್ಟಿದ್ದ. ಹದಿನಾಲ್ಕು ಹಾಳೆ ಚುಕ್ಕೆ. ಆದರೆ ಅಚ್ಚಿಗೆ ಹೋಗಬೇಕಾದರೆ ಶಾಯಿಯಲ್ಲಿ ಬೇಕಲ್ಲ? ಕುರುಡ ಸಂಗೀತಗಾರರೆಲ್ಲ ಹಿಡಿಯುತ್ತಿದ್ದುದು ಒಂದೇ ದಾರಿ: ಕಣ್ಣಿರುವ ನಂಬಿಕಸ್ಥನೊಬ್ಬನನ್ನು ಕೂಡಿಸಿಕೊಂಡು ಸ್ವರ ಸ್ವರವಾಗಿ ಹೇಳುವುದು, ಅವನು ಬರೆದುಕೊಳ್ಳುವುದು.

ಜೊಬೆರ್ ನಂಬಿದ್ದು ರೆಮಿ ಲಾಕೂರ್‌ನನ್ನು. ಒಂದೇ ಊರಿನವರು, ಒಂದೇ ವಯಸ್ಸಿನವರು. ಲಾಕೂರ್ ಪ್ಯಾರಿಸ್ಸಿನಲ್ಲಿ ಆರ್ಗನ್ ಕಲಿಯುತ್ತಿದ್ದ, ರಜೆಗೆ ಬಂದಿದ್ದ. ಬೆರಳಿಗೇನೂ ಕಮ್ಮಿ ಇರಲಿಲ್ಲ ಅವನಿಗೆ, ಅದನ್ನು ಒಪ್ಪುತ್ತೇನೆ; ಓಡುತ್ತಿದ್ದವು. ಆದರೆ ತಾನೇ ಕಟ್ಟಿದ ರಾಗ ಉಪ್ಪಿಲ್ಲದ ಸಾರು. ಅವನ ಕಾಲು ನನ್ನನ್ನು ತುಳಿದ ಮೊದಲ ದಿನವೇ ನನಗೆ ಮೈಯೆಲ್ಲ ಮುದುಡಿತು. ಬಾಗಿಲು ಒದ್ದು ತೆರೆಯುವವನ ಕಾಲು ಅದು.

ಆರು ದಿನ ಅವರು ಕೂತರು. ಅವರು ಆಡಿದ್ದು ಫ್ರೆಂಚ್. ಇಷ್ಟು ವರ್ಷ ಮೈಸೂರಿನಲ್ಲಿದ್ದ ನನ್ನ ಬಾಯಲ್ಲಿ ಈಗ ಅದು ಹೀಗೆ ಬರುತ್ತದೆ.

"ಎಡಗೈ, ತಾಳದ ಮೂರನೇ ಅಳತೆ, ಎರಡನೇ ಗಂಟೆ ತಡವಾಗಿ ಬರ್ಬೇಕು ಕಣೋ. ಬರ್ಕೊಂಡ್ಯಾ?"

"ಬರ್ಕೊಂಡೆ ಕಣಯ್ಯಾ. ಇದೆಲ್ಲಾ ನಿನ್ನ ತಲೆಗೆ ಎಲ್ಲಿಂದ ಬರುತ್ತೋ?"

"ಕಿಟಕಿಯಿಂದ" ಎಂದು ಜೊಬೆರ್ ನಕ್ಕ. ಕೊನೆಯ ಹಾಳೆಯ ಕೆಳಗೆ ಅವನು ಹೆಸರು, ತಾರೀಖು ಚುಚ್ಚಿ, ಇನ್ನೊಂದು ಸಾಲು ಸೇರಿಸಿದ: 'ರೆಮಿಗೆ, ಶಾಯಿಯಲ್ಲಿ ಬರೆಯಲು.' ಸ್ನೇಹದ ಗುರುತಿಗೆ.

ಲಾಕೂರ್ ಶಾಯಿಯ ಪ್ರತಿ ತೆಗೆದುಕೊಂಡು ಪ್ಯಾರಿಸ್ಸಿಗೆ ಹೋದ. ಎರಡು ತಿಂಗಳ ಮೇಲೆ ಕಾಗದ ಬರೆದ: ಪ್ರಕಾಶಕರು ಒಪ್ಪಲಿಲ್ಲ, ಸಣ್ಣ ಊರಿನ ಕುರುಡನ ಕೃತಿ ಯಾರಿಗೆ ಬೇಕು ಅಂದರು, ಬೇಜಾರು ಮಾಡ್ಕೋಬೇಡ. ಜೊಬೆರ್ ಬೇಜಾರು ಮಾಡಿಕೊಳ್ಳಲೂ ಇಲ್ಲ. ಮುಂದಿನ ಕೃತಿಗೆ ಹಾಳೆ ಸಿಕ್ಕಿಸಿದ.

ಮರುವರ್ಷ ವಸಂತದಲ್ಲಿ ಊರಿನ ಪಾದ್ರಿಗಳು ಒಂದು ಅಚ್ಚಾದ ಪುಸ್ತಕ ಹಿಡಿದು ಸಂಭ್ರಮದಿಂದ ಬಂದರು. ಪ್ಯಾರಿಸ್ಸಿಗೆ ಪ್ಯಾರಿಸ್ಸೇ ಹುಚ್ಚೆದ್ದಿದೆಯಂತೆ, ನಮ್ಮ ಊರಿನ ಹುಡುಗ ಲಾಕೂರ್ ಬರೆದದ್ದಂತೆ, ಇದರಿಂದಲೇ ಅವನಿಗೆ ಅಲ್ಲಿನ ದೊಡ್ಡ ಚರ್ಚಿನ ಆರ್ಗನ್ ವಾದಕನ ಪದವಿ ಸಿಕ್ಕಿತಂತೆ. ಹಬ್ಬಕ್ಕೆ ನೀನೂ ನುಡಿಸಬೇಕು, ಸ್ವರ ನಾನು ಓದಿ ಹೇಳುತ್ತೇನೆ ಎಂದು ಕೂತರು. ನಾಲ್ಕು ಸ್ವರ ಓದಿದರು. ಜೊಬೆರ್ ಕೈ ಎತ್ತಿ ತಡೆದ.

"ಮುಂದಿನದನ್ನ ನಾನೇ ಹೇಳ್ಲಾ, ಫಾದರ್?" ಎಂದು ನನ್ನ ಮೇಲೆ ಕೈಯಿಟ್ಟು ಕೊನೆಯವರೆಗೂ ನುಡಿಸಿದ.

"ಅರೆ! ಆಗಲೇ ಕೇಳಿದ್ದೀಯಾ?" ಎಂದರು ಪಾದ್ರಿಗಳು. ಒಳ್ಳೆಯವರೇ, ಆದರೆ ಅವರ ಬುದ್ಧಿ ಅಷ್ಟಕ್ಕೇ ಓಡಿದ್ದು.

ಜೊಬೆರ್ ಬರೆಸಿದ ಕಾಗದಕ್ಕೆ ಲಾಕೂರ್ ಜುಲೈ ತಿಂಗಳ ಒಂದು ಭಾನುವಾರ ತಾನೇ ಬಂದ. ಹೊಸ ಬೂಟು, ಚರ್ಮ ಇನ್ನೂ ಕಿರುಗುಟ್ಟುತ್ತಿತ್ತು. "ಪ್ರಕಾಶಕರ ಎಡವಟ್ಟು ಕಣೋ. ಕೈಬರಹ ನಂದು ನೋಡು, ನಂದೇ ಅಂದ್ಕೊಂಡ್ಬಿಟ್ಟಿದ್ದಾರೆ. ಮುಂದಿನ ಮುದ್ರಣದಲ್ಲಿ ಸರಿ ಮಾಡಿಸ್ತೀನಿ. ನಿನ್ನ ಮೂಲ ಇದೆ ತಾನೇ?"

"ಇದೆಯಲ್ಲ, ಹಾರ್ಮೋನಿಯಂ ಮೇಲಿನ ಪೆಟ್ಟಿಗೇಲಿ."

"ಇದೊಂದೇ ಪ್ರತಿನಾ?"

"ಇದೊಂದೇ."

ಆ 'ಇದೊಂದೇ' ಕೇಳಿದಾಗ ಲಾಕೂರ್‌ನ ಬಲಗಾಲು ನನ್ನ ಕಾಲುಮಣೆಯ ಮೇಲೆ ಸಣ್ಣಗೆ ಕುಣಿಯಿತು. ನಾನು ಕಂಡೆ. ನಾನೊಬ್ಬನೇ ಕಂಡೆ.

ಸಂಜೆಯ ಪ್ರಾರ್ಥನೆಗೆ ಜೊಬೆರ್ ಚರ್ಚಿಗೆ ಹೋಗಲೇಬೇಕಿತ್ತು. ಅಕ್ಕ ಕೈಹಿಡಿದು ನಡೆಸುವವಳು. "ನಿಮ್ಮ ಹಾರ್ಮೋನಿಯಂ ಉಬ್ಬಸ ಪಡ್ತಾ ಇದೆ, ನೀವು ಬರೋಷ್ಟರಲ್ಲಿ ರಿಪೇರಿ ಮಾಡಿಡ್ತೀನಿ" ಎಂದು ಲಾಕೂರ್ ಹಿಂದೆ ಉಳಿದ. ಅವರು ಬಾಗಿಲು ದಾಟಿದ ಮೇಲೆ ಆ ಹದಿನಾಲ್ಕು ಹಾಳೆ ಕೈಗೆತ್ತಿಕೊಂಡು ಸುತ್ತಲೂ ನೋಡಿದ. ಸುಡೋಣವೆಂದರೆ ಬೇಸಿಗೆ, ಒಲೆ ಆರಿತ್ತು. ಕುರುಡನ ಮೂಗಿಗೆ ಸುಟ್ಟ ಕಾಗದದ ವಾಸನೆ ಹತ್ತದೆ ಇರುತ್ತದೆಯೇ? ಒಯ್ಯೋಣವೆಂದರೆ ರಟ್ಟಿನಂಥ ದೊಡ್ಡ ಹಾಳೆ, ಮಡಚಿದರೆ ಸದ್ದು, ತೆಳ್ಳನೆಯ ಕೋಟು, ಕ್ಲೆಮಾಂಸ್ ಸ್ಟೇಷನ್ನಿನವರೆಗೂ ಜೊತೆಗೆ ಬರುವವಳು. ಕೊನೆಗೆ ನನ್ನ ಕೆಳಗಿನ ಹಲಗೆ ಬಿಚ್ಚಿದ. ತಿದಿಯ ಅಡಿಯಲ್ಲಿ, ತಳದ ಮಣೆಗೆ, ಆ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಮೇಲೆ ಉಣ್ಣೆಬಟ್ಟೆ ಹಾಕಿ ಸಣ್ಣ ಮೊಳೆ ಹೊಡೆದ. ಇವನ್ನು ಯಾರಾದರೂ ಮುಂದೆ ಕಂಡರೂ ತೂತು ಬಿದ್ದ ರದ್ದಿ ಅಂದುಕೊಳ್ಳುತ್ತಾರೆ ಎಂಬ ಧೈರ್ಯ. ಚುಕ್ಕೆ ಅಂದರೆ ಅಷ್ಟು ಅಸಡ್ಡೆ ಅವನಿಗೆ. ಒಂದೊಂದು ಮೊಳೆ ಬಡಿದಾಗಲೂ ನಾನು ಅವನ ಮನೆ ಹಾಳಾಗಲಿ ಎಂದು ಶಪಿಸಿದೆ. ಏಳು ಮೊಳೆ, ಏಳು ಶಾಪ.

ಮರುದಿನ ಪೆಟ್ಟಿಗೆ ಬರಿದು. ಜೊಬೆರ್ ಮನೆಯ ಮೂಲೆಮೂಲೆ ತಡಕಿದ. ಲಾಕೂರ್ ಪ್ಯಾರಿಸ್ಸಿನಿಂದ ಬರೆದ: ನಾನು ಪೆಟ್ಟಿಗೆಯಲ್ಲೇ ಇಟ್ಟೆನಲ್ಲ, ನಿಮ್ಮಕ್ಕ ಗುಡಿಸುವಾಗ ಎಸೆದಿರಬೇಕು. ಆ ಹೆಂಗಸು ಅತ್ತ ಅಳು ಇವತ್ತಿಗೂ ನನ್ನ ಕಿವಿಯಲ್ಲಿದೆ. ತಮ್ಮನ ಎದುರು ಮಂಡಿಯೂರಿ, ನಾನು ಎಸೀಲಿಲ್ಲ ಕಣೋ ಎಂದು ಹೇಳುತ್ತಾ ಹೋದಳು. ಜೊಬೆರ್ ಸಂಗೀತಗಾರರ ಸಂಘಕ್ಕೂ ದೂರು ಬರೆಸಿದ. ಅಲ್ಲಿಂದ ಬಂದ ಉತ್ತರವನ್ನು ಪಾದ್ರಿಗಳು ತಗ್ಗಿದ ದನಿಯಲ್ಲಿ ಓದಿದರು: ಕಣ್ಣಿಲ್ಲದವರು ಕೇಳಿದ್ದನ್ನು ತಮ್ಮದೇ ಎಂದು ನಂಬಿಬಿಡುವುದು ಸಹಜ, ಮಾನ್ಯ ಲಾಕೂರ್ ಅವರು ಈ ಬಗ್ಗೆ ಕೋಪಗೊಂಡಿಲ್ಲ.

ಕೋಪಗೊಂಡಿಲ್ಲವಂತೆ! ಎಂಥ ದೊಡ್ಡ ಮನಸ್ಸು!

ಜೊಬೆರ್ ಕಾಲು ಒತ್ತಿದಾಗೆಲ್ಲ ಹಾಳೆಗಳು ನನ್ನೊಳಗೆ ಸರಬರ ಅನ್ನುತ್ತಿದ್ದವು. ಅವನಿಗೆ ಕೇಳಿಸದೆ ಇರಲಿಲ್ಲ. "ಅಕ್ಕಾ, ಒಳಗೆ ಏನೋ ಸರಿದಾಡ್ತಿದೆ." "ಇಲಿ ಇರ್ಬೇಕು ಕಣೋ, ಹಳೇದಾಯ್ತಲ್ಲ." ನಾನು ಇನ್ನೂ ಜೋರಾಗಿ ಉಬ್ಬಸಪಟ್ಟೆ. ಬಿಚ್ಚು ನನ್ನನ್ನ, ಬಿಚ್ಚು, ಕೈ ಹಾಕು ಎಂದು ಬಾಯಿ ಬಡಿದುಕೊಂಡೆ. ಅವರಿಗೆ ಅದು ಬರೀ ಕೆಟ್ಟ ಗಾಳಿಯ ಸದ್ದು. ಸಾವಿರದ ಒಂಬೈನೂರ ಏಳರ ಚಳಿಗೆ ಅವನ ಎದೆ ಕಟ್ಟಿತು. ಮೂವತ್ತೊಂದು ವರ್ಷ ಅವನಿಗೆ. ಪ್ರಾಣ ಹೋಗುವ ಎರಡು ದಿನ ಮುಂಚೆ ನನ್ನ ಮುಂದೆ ಕೂತು, ತುಳಿಯಲು ಶಕ್ತಿಯಿಲ್ಲದೆ, ಗಾಳಿಯಿಲ್ಲದ ಸ್ವರಮನೆಗಳ ಮೇಲೆ ಬೆರಳಾಡಿಸಿ ಆ ಕೃತಿಯನ್ನು ಪೂರ್ತಿ ನುಡಿಸಿದ. ಒಂದು ಸ್ವರವೂ ಹೊರಡಲಿಲ್ಲ. ಅವತ್ತು ನಾನು ಪಣ ತೊಟ್ಟೆ: ಈ ಹೆಸರು ಹೊರಗೆ ಬರುವವರೆಗೂ ನಾನು ಮುರಿಯುವುದಿಲ್ಲ, ಹುಳು ಹಿಡಿಸಿಕೊಳ್ಳುವುದಿಲ್ಲ, ಸೌದೆಯಾಗುವುದಿಲ್ಲ.

ಕ್ಲೆಮಾಂಸ್‌ಗೆ ನನ್ನನ್ನು ನೋಡುತ್ತ ಇರಲಾಗಲಿಲ್ಲ. ಮೈಸೂರು ಸೀಮೆಗೆ ಹೊರಟಿದ್ದ ಒಬ್ಬ ಮಿಷನರಿ ಪಾದ್ರಿಗೆ ದಾನ ಕೊಟ್ಟಳು. ಮಾರ್ಸೇಲ್ ಬಂದರಿನಲ್ಲಿ ಹಡಗು, ಬೊಂಬಾಯಿಯಲ್ಲಿ ರೈಲು, ಕೊನೆಯ ಎರಡು ಮೈಲಿ ಎತ್ತಿನ ಗಾಡಿ. ಮೈಸೂರಿನ ಅಂಚಿನ ಒಂದು ಸಣ್ಣ ಚರ್ಚಿಗೆ ಬಂದಿಳಿದೆ. ಇಲ್ಲಿಯ ಜನ ಚಪ್ಪಲಿ ಹೊರಗೆ ಬಿಟ್ಟು ಬಂದು ಬರಿಗಾಲಲ್ಲಿ ನನ್ನನ್ನು ತುಳಿದರು. ಅದು ನನಗೆ ತುಂಬಾ ಹಿಡಿಸಿತು. ಪೂಜೆಯ ಕನ್ನಡ ಹಾಡು, ಮದುವೆಯ ಹಾಡು, ಸತ್ತವರ ಹಾಡು ಎಲ್ಲ ಕಲಿತೆ. ಮಾತೂ ಕಲಿತೆ, ಬೈಗುಳ ಬೇಗ ಕಲಿತೆ.

ಲಾಕೂರ್‌ನ ಬದುಕು ಮಾತ್ರ ಅಷ್ಟು ದೂರಕ್ಕೂ ನನ್ನ ಬೆನ್ನಟ್ಟಿ ಬಂತು. ಒಬ್ಬರಾದ ಮೇಲೊಬ್ಬರು ಬಂದ ಫ್ರೆಂಚ್ ಪಾದ್ರಿಗಳು ತಮ್ಮ ದೇಶದ ಪತ್ರಿಕೆ ತರಿಸುತ್ತಿದ್ದರು, ಊಟವಾದ ಮೇಲೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ಲಾಕೂರ್‌ಗೆ ಪದಕ. ಲಾಕೂರ್ ಸಂಗೀತ ವಿದ್ಯಾಲಯದ ಗುರು. ಲಾಕೂರ್ ಅಮೆರಿಕಕ್ಕೆ ಹೋಗಿ ಮೂವತ್ತು ಊರಲ್ಲಿ ನುಡಿಸಿದ. ಲಾಕೂರ್‌ನ ಕೋಟಿಗೆ ಸರ್ಕಾರ ಕೊಟ್ಟ ಗೌರವದ ಕೆಂಪು ಪಟ್ಟಿ. ಬೇರೆ ನಲವತ್ತು ಕೃತಿ ಬರೆದನಂತೆ. ಯಾರಿಗೂ ಒಂದರ ಹೆಸರೂ ಬಾಯಿಗೆ ಬರುತ್ತಿರಲಿಲ್ಲ. ಎಲ್ಲಿ ಹೋದರೂ ಜನ ಕೇಳುತ್ತಿದ್ದುದು 'ಹೊಳೆಯಾಚೆಯ ಗಂಟೆಗಳು'. ಅದಕ್ಕೊಂದು ಕಟ್ಟುಕಥೆಯನ್ನೂ ಹೆಣೆದಿದ್ದ: ಪದವಿಯ ಪರೀಕ್ಷೆಗೆ ಹೊರಟ ದಿನ, ಸಾವಿರದ ಒಂಬೈನೂರ ನಾಲ್ಕರ ಮಾರ್ಚಿನಲ್ಲಿ, ಪ್ಯಾರಿಸ್ಸಿನ ಸೇತುವೆಯ ಮೇಲೆ ನಿಂತಿದ್ದಾಗ ಗಂಟೆ ಕೇಳಿತಂತೆ, ಒಂದೇ ಬೆಳಗಿನಲ್ಲಿ ಬರೆದನಂತೆ. ಎದೆ ಉರಿದುಹೋಯಿತು ನನಗೆ. ಸೇತುವೆ ಕುಸಿದು ಹೊಳೆಗೆ ಬೀಳಬಾರದಿತ್ತೇ ಎಂದು ಹಲ್ಲು ಕಡಿದೆ.

ಐವತ್ತರ ದಶಕಕ್ಕೆ ಚರ್ಚಿಗೆ ಫಾದರ್ ಬೆನ್ವಾ ಬಂದರು. ನಲವತ್ತು ವರ್ಷ ಈ ನಾಡಿನಲ್ಲಿದ್ದು ಕನ್ನಡವನ್ನು ಪ್ರವಚನದ ಹಾಗೆ ಮಾತಾಡುವವರು. ಅವರ ಬಳಿ ಒಂದು ಗ್ರಾಮಾಫೋನು, ಅದರ ಮೇಲೆ ಹಾಕಲು ಲಾಕೂರ್ ತಾನೇ ನುಡಿಸಿದ 'ಗಂಟೆಗಳು' ತಟ್ಟೆ. ಹಬ್ಬ ಬಂತೆಂದರೆ ಅದೇ. ಅದರ ಜೊತೆಗೆ ಅಚ್ಚಿನ ಪುಸ್ತಕವೂ ಇತ್ತು. ಮುಖಪುಟದಲ್ಲಿ ಆ ಕಳ್ಳನ ಹೆಸರು ದಪ್ಪ ಅಕ್ಷರದಲ್ಲಿ. ಅದನ್ನು ತಂದು ನನ್ನ ತಲೆಯ ಮೇಲೇ ಇಡುತ್ತಿದ್ದರು. ಗಾಯದ ಮೇಲೆ ಉಪ್ಪು ಸವರುವುದು ಅಂದರೆ ಇದೇ ಅಲ್ಲವೇ?

ಆಗ ನನ್ನನ್ನು ನುಡಿಸುತ್ತಿದ್ದವನು ಇನ್ನಾಸಪ್ಪ. ಮೈಸೂರಿನ ಕುರುಡರ ಶಾಲೆಯಲ್ಲಿ ಸಂಗೀತದ ಮೇಷ್ಟ್ರು, ಅವನೂ ಕುರುಡ, ಹುಟ್ಟಿನಿಂದಲೇ. ಶಾಲೆಯಲ್ಲಿ ಒಬ್ಬ ಸಿಸ್ಟರ್ ಅವನಿಗೆ ಪಾಶ್ಚಾತ್ಯ ಸಂಗೀತವನ್ನೂ ಚುಕ್ಕೆಯಲ್ಲೇ ಕಲಿಸಿದ್ದರು. ಅವನ ಬರಿಗಾಲು ಮೊದಲ ಸಲ ನನ್ನ ಮೇಲೆ ಬಿದ್ದಾಗ ನನಗೆ ಜೊಬೆರ್ ನೆನಪಾಗಿ ಒಂದು ಸ್ವರ ತಪ್ಪಿಹೋಯಿತು. ಅವನು ನನ್ನ ಬೆನ್ನು ತಟ್ಟಿ, "ಪರವಾಗಿಲ್ಲ, ವಯಸ್ಸಾಯ್ತು" ಎಂದ.

ಐವತ್ತಮೂರರ ಸೆಪ್ಟೆಂಬರಿನ ಒಂದು ಶನಿವಾರ ನನ್ನ ಎಡಗಾಲುಮಣೆಯ ಪಟ್ಟಿ ಹರಿಯಿತು. ತಾನಾಗಿ ಹರಿಯಿತೋ ನಾನು ಹರಿದುಕೊಂಡೆನೋ, ಕೇಳಬೇಡಿ. ಇನ್ನಾಸಪ್ಪ ಹೆಂಡತಿ ಸೌರಮ್ಮನನ್ನು ಕರೆದುಕೊಂಡು ಬಂದು ನನ್ನ ಕೆಳಗಿನ ಹಲಗೆ ಬಿಚ್ಚಿದ. ಪಟ್ಟಿಯ ತುದಿ ಹುಡುಕುತ್ತಾ ಅವನ ಕೈ ತಳಕ್ಕೆ ಹೋಯಿತು. ಹುಳು ತಿಂದ ಉಣ್ಣೆಬಟ್ಟೆ ಕಿತ್ತು ಬಂತು. ಬೆರಳು ಹಾಳೆಯ ಮೇಲೆ ನಿಂತಿತು.

"ಸೌರಾ, ಇಲ್ಲಿ ಯಾರೋ ಬರ್ದಿದಾರೆ ಕಣೇ!"

ಅವಳು ಬಗ್ಗಿ ನೋಡಿದಳು. "ಏನ್ ಬರ್ದಿದಾರೆ? ಒಂದಕ್ಷರ ಇಲ್ಲ. ತೂತು ಬಿದ್ದಿರೋ ಹಳೇ ರದ್ದಿ ಕಣ್ರೀ, ಒಲೆಗಾದ್ರೂ ಆಗುತ್ತೆ, ಕೊಡಿ ಇಲ್ಲಿ."

"ಮುಟ್ಟಬೇಡ! ಕೈ ತೆಗಿ!" ಎಂದ. ಅವನು ಹೆಂಡತಿಯ ಮೇಲೆ ದನಿಯೆತ್ತಿದ್ದನ್ನು ನಾನು ಅವತ್ತೊಂದೇ ದಿನ ಕೇಳಿದ್ದು. ಒಂದೊಂದೇ ಮೊಳೆ ಕಿತ್ತ. ಮೊದಲ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಿಂದ ಓದುತ್ತಾ, ಬಲಗೈಯನ್ನು ನನ್ನ ಮೇಲಿಟ್ಟು, ಇದ್ದ ಒಂದೇ ಕಾಲುಮಣೆ ತುಳಿದು ನುಡಿಸಿದ. ನಾಲ್ಕು ಅಳತೆ ಆಗುವಷ್ಟರಲ್ಲಿ ಸೌರಮ್ಮನೇ ಅಂದಳು: "ಅಯ್ಯೋ, ಇದು ಸ್ವಾಮಿಗಳ ತಟ್ಟೆ ಹಾಡಲ್ವೇನ್ರೀ!"

ಫಾದರ್ ಬೆನ್ವಾ ಬಂದರು. ಕೊನೆಯ ಹಾಳೆಯನ್ನು ಇನ್ನಾಸಪ್ಪ ಅಕ್ಷರ ಅಕ್ಷರವಾಗಿ ಓದಿ ಹೇಳಿದ, ಫಾದರ್ ಕೂಡಿಸಿಕೊಂಡು ಅರ್ಥ ಹೇಳಿದರು: ಅನಾತೋಲ್ ಜೊಬೆರ್, ಫೆಬ್ರವರಿ ಹನ್ನೊಂದು, ಸಾವಿರದ ಒಂಬೈನೂರ ಮೂರು. ರೆಮಿಗೆ, ಶಾಯಿಯಲ್ಲಿ ಬರೆಯಲು. ಫಾದರ್ ಬೆರಳು ಮಡಚಿ ವರ್ಷ ಎಣಿಸಿದರು. ಸೇತುವೆಯ ಕಥೆ ನಡೆದದ್ದು ಇದಾದ ಒಂದು ವರ್ಷಕ್ಕೆ. ಮೂರು ದಿನ ಅವರು ಚರ್ಚಿಗೆ ಬಂದರೂ ನನ್ನ ಕಡೆ ತಿರುಗಲಿಲ್ಲ. ನಾಲ್ಕನೆಯ ದಿನ ತಾವೇ ಗ್ರಾಮಾಫೋನಿನ ಮುಚ್ಚಳ ಹಾಕಿ ಬಂದು ಕೂತರು.

"ಇನ್ನಾಸಪ್ಪಾ, ಬರುವ ಮಾರ್ಚಿನಲ್ಲಿ ಲಾಕೂರ್ ಅವರಿಗೆ ಪದವಿಯ ಐವತ್ತನೆಯ ವರ್ಷದ ಉತ್ಸವ. ಲೋಕದ ಎಲ್ಲ ಕಡೆಯಿಂದ ಬರುವ ಅಭಿನಂದನೆಯ ಪತ್ರಗಳನ್ನು ಸಭೆಯಲ್ಲಿ ಓದುತ್ತಾರಂತೆ. ನಾವು ಏನು ಮಾಡಬೇಕು ಎಂದು ನೀನು ಬಯಸುತ್ತೀ?"

"ನಾವೂ ಅಭಿನಂದನೆ ಕಳಿಸೋಣ ಸ್ವಾಮಿ" ಎಂದ ಇನ್ನಾಸಪ್ಪ.

ಇವನೇನು ಹೀಗಂತಾನೆ ಎಂದು ನನಗೆ ಮೈ ಉರಿಯಿತು. ಮುಂದಿನದು ಕೇಳಿ. ಪತ್ರ ಚುಕ್ಕೆಯಲ್ಲೇ ಹೋಗಬೇಕು ಎಂದು ಹಟ ಹಿಡಿದ. ಫಾದರ್ ಫ್ರೆಂಚಿನಲ್ಲಿ ಅಕ್ಷರ ಅಕ್ಷರ ಹೇಳುತ್ತಾ ಹೋದರು, ಇವನು ಚುಚ್ಚುತ್ತಾ ಹೋದ. ಎಂಥ ಮರ್ಯಾದೆಯ ಪತ್ರ ಅದು! 'ಪೂಜ್ಯರೇ, ಮೈಸೂರಿನ ಕುರುಡರ ನಮಸ್ಕಾರಗಳು. ತಮ್ಮ ಪ್ರಿಯಮಿತ್ರ ಅನಾತೋಲ್ ಜೊಬೆರ್ ಅವರು ತಮಗೆ ಶಾಯಿಯಲ್ಲಿ ಬರೆಯಲು ಕೊಟ್ಟ 'ಹೊಳೆಯಾಚೆಯ ಗಂಟೆಗಳು' ಕೃತಿಯ ಮೂಲ ಹಾಳೆಗಳು ನಮ್ಮ ಬಳಿ ಸುರಕ್ಷಿತವಾಗಿವೆ. ಅಚ್ಚಿನವರು ತಪ್ಪಿ ತಮ್ಮ ಹೆಸರು ಹಾಕಿರುವುದು ತಮಗೆ ಐವತ್ತು ವರ್ಷ ಎಷ್ಟು ನೋವು ಕೊಟ್ಟಿರಬೇಕು! ಅದನ್ನು ಸರಿಪಡಿಸಲು ಅನುಕೂಲವಾಗಲೆಂದು ಹದಿನಾಲ್ಕೂ ಹಾಳೆಯ ನಕಲನ್ನು, ತಾರೀಖು ಸಮೇತ, ಇದರೊಂದಿಗೆ ಕಳಿಸುತ್ತಿದ್ದೇವೆ.'

"ಹಾರ್ಮೋನಿಯಮ್ಮಿನ ಒಳಗೆ ದೊರೆತವು ಎಂದೂ ಬರೆಯೋಣವೇ?" ಎಂದರು ಫಾದರ್.

"ಬೇಡ ಸ್ವಾಮಿ. ಎಲ್ಲಿ ಸಿಕ್ತು ಅನ್ನೋದೊಂದು ಬೇಡ. ಅವರಾಗೇ ಕೇಳಿದ್ರೆ ಹೇಳೋಣಂತೆ."

ಸೌರಮ್ಮ ಅವನ ಮುಖವನ್ನೇ ನೋಡಿದಳು. "ನೀವು ಬೇಕೂಂತ್ಲೇ ಹೀಗ್ ಬರೀತಿದೀರಾ?" ಇನ್ನಾಸಪ್ಪನ ಕಾಲ ಹೆಬ್ಬೆರಳು ನನ್ನ ಕಾಲುಮಣೆಯನ್ನು ಮೆಲ್ಲಗೆ ಒತ್ತಿತು. ನಾನು ಹಿಗ್ಗಿಹೋದೆ. ಲಕೋಟೆಯ ಮೇಲೆ ಮಾತ್ರ ಫಾದರ್ ಶಾಯಿಯಲ್ಲಿ ಬರೆದರು: ಭಾರತದ ಮೈಸೂರಿನ ಅಂಧರಿಂದ, ಉತ್ಸವದ ಅಭಿನಂದನೆ.

ಮಾರ್ಚ್ ಹೋಯಿತು, ಏಪ್ರಿಲ್ ಬಂತು. ಆಮೇಲೆ ಪ್ಯಾರಿಸ್ಸಿನಿಂದ ಇನ್ನಾಸಪ್ಪನ ಹೆಸರಿಗೆ ಚುಕ್ಕೆಯಲ್ಲಿ ಬರೆದ ಪತ್ರವೊಂದು ಬಂತು. ಬರೆದವರು ಮದಾಮ್ ರುಬೋ, ಅಲ್ಲಿಯ ಕುರುಡರ ಶಾಲೆಯಲ್ಲಿ ಆರ್ಗನ್ ಕಲಿಸುವ ಐವತ್ತು ದಾಟಿದ ಹೆಂಗಸು. ಇನ್ನಾಸಪ್ಪ ಬೆರಳಿಟ್ಟು ಅಕ್ಷರ ಹೇಳಿದ, ಫಾದರ್ ಕನ್ನಡ ಮಾಡಿದರು, ನಾನು ಉಸಿರು ಬಿಗಿಹಿಡಿದು ಕೇಳಿದೆ.

ಆಗಿದ್ದು ಇಷ್ಟು. ದೇಶದೇಶದ ಲಕೋಟೆಗಳ ನಡುವೆ ಚುಕ್ಕೆಯ ಪತ್ರ ಕಂಡು ಲಾಕೂರ್ ಉಬ್ಬಿಹೋದನಂತೆ. ಭಾರತದ ಕುರುಡರಿಗೂ ನನ್ನ ಸಂಗೀತ ಮುಟ್ಟಿದೆ ಎಂದು ಸಿಕ್ಕವರಿಗೆಲ್ಲ ತೋರಿಸಿದನಂತೆ. ಅದರಲ್ಲಿ ಏನಿದೆ ಎಂದು ಓದಲು ಅವನಿಗೆ ಬಾರದು. ಐವತ್ತು ವರ್ಷದಲ್ಲಿ ಒಂದು ಚುಕ್ಕೆಯನ್ನೂ ಕಲಿತಿರಲಿಲ್ಲ. ಎಲ್ಲಕ್ಕಿಂತ ಕೊನೆಗೆ ಇದನ್ನೇ ಓದಿಸಬೇಕು, ಕುರುಡರ ಪತ್ರವನ್ನು ಕುರುಡರೇ ಓದಬೇಕು ಎಂದು ಮದಾಮ್ ರುಬೋ ಅವರನ್ನು ಕರೆಸಿದ. ಬಿಷಪ್ಪರು, ಮಂತ್ರಿಗಳು, ಶಿಷ್ಯರು, ಚರ್ಚಿನ ತುಂಬ ಜನ. ಮುಂದಿನ ಸಾಲಿನ ದೊಡ್ಡ ಕುರ್ಚಿಯಲ್ಲಿ ಅವನು.

ಮದಾಮ್ ಎರಡು ಸಾಲು ಓದಿದರು. ಮೂರನೆಯ ಸಾಲಿಗೆ ಬೆರ‍ಳು ನಿಂತಿತು. "ಮುಂದೆ ಓದಲೇ, ಮೆಸ್ಯೂ?" ಎಂದು ಕೇಳಿದರಂತೆ. ಅವನು ಸಂಕೋಚವೇನೋ ಅಂದುಕೊಂಡ. "ಓದಿ, ಓದಿ, ಒಂದಕ್ಷರ ಬಿಡದೆ ಓದಿ" ಎಂದ.

ಅವರು ಒಂದಕ್ಷರ ಬಿಡದೆ ಓದಿದರು. ಹೆಸರು ಓದಿದರು, ತಾರೀಖು ಓದಿದರು, 'ರೆಮಿಗೆ, ಶಾಯಿಯಲ್ಲಿ ಬರೆಯಲು' ಓದಿದರು. ನಕಲು ಹಾಳೆಯ ಮೊದಲ ಸ್ವರಗಳನ್ನು ಬೆರಳಿಟ್ಟು ಹಾಡಿಯೂ ತೋರಿಸಿದರು. ಆ ಸ್ವರ ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಅವನು ಸುಳ್ಳು ಎನ್ನಬಹುದಿತ್ತು, ಯಾರೋ ಮಾಡಿದ ಕುಹಕ ಎನ್ನಬಹುದಿತ್ತು. ಅರ್ಧ ಜನ ನಂಬಿಯೂಬಿಡುತ್ತಿದ್ದರು. ಎಪ್ಪತ್ತೆಂಟರ ಆ ಮುದುಕ ಕುರ್ಚಿಯ ಕೈ ಹಿಡಿದು ಎದ್ದು ಒಂದೇ ಮಾತು ಕೇಳಿದನಂತೆ:

"ಆ ಹಾರ್ಮೋನಿಯಂ ಇನ್ನೂ ಇದೆಯಾ?"

ಪತ್ರದಲ್ಲಿ ಹಾರ್ಮೋನಿಯಂ ಎಂಬ ಪದವೇ ಇರಲಿಲ್ಲ. ಯಾವ ಹಾರ್ಮೋನಿಯಂ ಎಂದು ಮದಾಮ್ ಕೇಳಿದರು. ಬಿಷಪ್ಪರೂ ಕೇಳಿದರು. ಅವನು ಕೂತುಬಿಟ್ಟ.

ಇದೆ ಕಣೋ! ಇದ್ದೇನೆ ಕಣೋ! ಫಾದರ್ ಆ ಸಾಲು ಓದಿದಾಗ ನನ್ನ ಇನ್ನೂರ ನಲವತ್ತನಾಲ್ಕು ನಾಲಿಗೆಯೂ ಒಟ್ಟಿಗೆ ಕೂಗಬೇಕೆನ್ನಿಸಿತು. ತುಳಿಯುವ ಕಾಲಿರಲಿಲ್ಲ, ಅಷ್ಟೇ.

ಆಮೇಲೆ ಅವನು ಆರ್ಗನ್ನಿನ ಮೆಟ್ಟಿಲು ಹತ್ತಲಿಲ್ಲ. ಎರಡು ವರ್ಷಕ್ಕೆ ಸತ್ತ. ಕ್ಷಮೆ ಬೇಡಿ ಮೈಸೂರಿಗೊಂದು ಕಾಗದ ಬರೆದಿದ್ದ. ಫಾದರ್ ಓದಿ ಕಣ್ಣು ಒರೆಸಿಕೊಂಡರು, ಅದು ಅವರ ವೃತ್ತಿ. ಇನ್ನಾಸಪ್ಪನೂ "ಪಾಪ" ಎಂದ. ನಾನು ಅನ್ನಲಿಲ್ಲ. ಈಗಲೂ ಅನ್ನುವುದಿಲ್ಲ. ಕ್ಲೆಮಾಂಸ್ ಮಂಡಿಯೂರಿ ಅತ್ತದ್ದನ್ನು ಕೇಳಿದವರು ಅವರಿಬ್ಬರಲ್ಲ, ನಾನು. ಜನ ಹೇಳುತ್ತಾರೆ, ಸೇಡು ತೀರಿದ ಮೇಲೆ ಮನಸ್ಸು ಬರಿದಾಗುತ್ತದೆ ಎಂದು. ನನಗಂತೂ ಹಾಗಾಗಲಿಲ್ಲ. ಹೊಟ್ಟೆ ತುಂಬಿ ತೇಗು ಬಂದ ಹಾಗಿತ್ತು.

ಈಗ ನನ್ನ ತಿದಿಯ ಚರ್ಮ ಸೀಳಿದೆ, ಚರ್ಚಿಗೆ ಹೊಸ ವಿದ್ಯುತ್ ವಾದ್ಯ ಬಂದಿದೆ. ಕುರುಡರ ಶಾಲೆಯ ಸಂಗೀತದ ಕೋಣೆಯ ಮೂಲೆಯಲ್ಲಿದ್ದೇನೆ. ಹಾಳೆಗಳನ್ನು ಅಲ್ಲೇ ಗಾಜಿನ ಬೀರುವಿನಲ್ಲಿಡಲು ಹೊರಟಿದ್ದರು; ಗಾಜು ಹಾಕಿದರೆ ಯಾರು ಓದೋದು ಎಂದು ಇನ್ನಾಸಪ್ಪ ಬೈದು ತೆರೆದ ಪೆಟ್ಟಿಗೆಯಲ್ಲಿಡಿಸಿದ. ಒಂದು ಮಧ್ಯಾಹ್ನದ ಮಾತು ಹೇಳಿ ಮುಗಿಸುತ್ತೇನೆ. ಪ್ಯಾರಿಸ್ಸಿನಿಂದ ಹೊಸ ಮುದ್ರಣ ಬಂದಿತ್ತು, ಜೊಬೆರ್ ಹೆಸರಲ್ಲಿ. ಫಾದರ್ ಖುಷಿಯಿಂದ ತಂದು ಕೊಟ್ಟರು.

"ಹೆಸರು ಎಲ್ಲಿದೆ ಸ್ವಾಮಿ? ನನ್ನ ಬೆರಳು ಅಲ್ಲಿಡಿ."

ಫಾದರ್ ಇಟ್ಟರು. ಇನ್ನಾಸಪ್ಪ ಸವರಿದ. ನುಣ್ಣಗಿನ ಕಾಗದ. "ಇಲ್ಲೇನೂ ಇಲ್ವಲ್ಲ ಸ್ವಾಮಿ" ಎಂದ. ಅದನ್ನು ಪಕ್ಕಕ್ಕಿಟ್ಟು, "ಹಳೇ ಪುಸ್ತಕ ಎಲ್ಲಿ? ಆ ಇನ್ನೊಬ್ಬನ ಹೆಸರಿದ್ದದ್ದು?" ಎಂದು ಕೇಳಿದ.

ಫಾದರ್ ಹಳೆಯದನ್ನು ತಂದರು. ಲಾಕೂರ್‌ನ ದಪ್ಪ ಅಕ್ಷರದ ಮೇಲೆ ಅವನ ಬೆರಳು ಇಟ್ಟರು. ಇನ್ನಾಸಪ್ಪ ಮುಖಪುಟವನ್ನು ಬ್ರೈಲ್ ಬರೆಯುವ ಲೋಹದ ಪಟ್ಟಿಗೆ ಸಿಕ್ಕಿಸಿ, ನನ್ನ ಮುಚ್ಚಳದ ಮೇಲೆ ಒತ್ತಿ ಹಿಡಿದು, ಆ ಹೆಸರಿನ ಮೇಲೆಯೇ ಚುಚ್ಚುಕಡ್ಡಿ ಇಟ್ಟು ಬರೆಯಲು ಶುರು ಮಾಡಿದ. ಅನಾತೋಲ್ ಜೊಬೆರ್. ಫಾದರ್ ಬೇಡ ಎನ್ನಲಿಲ್ಲ. ಒಂದೊಂದು ಏಟೂ ನನ್ನ ಮೈಗೆ ಇಳಿಯಿತು, ಒಂದೊಂದನ್ನೂ ಎಣಿಸಿದೆ. ಮೂವತ್ತಾರು ತೂತು.